ನೆರೆ ನೋಡಿ ಗುಂಪು ಹೇಳು

ಯರಗಟ್ಟಿ, ಸವದತ್ತಿ, ರಾಮದುರ್ಗದ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿತ್ತಿದ ಕಡಲೆ ಹೂವಾಗಿ ಕಾಯಿಕಟ್ಟುವ ಹೊತ್ತಿಗೆ ಅದರ ಎಲೆ, ಕಾಂಡ ಮತ್ತು ಕಾಯಿಗಳ ಮೇಲಿರುವ ಸಣ್ಣ ರೋಮಗಳ ತುದಿಯಲ್ಲಿ ಹುಳಿಯಾದ ದ್ರವವೊಂದು ಹನಿಹನಿಯಾಗಿ ಒಸರುತ್ತದೆ. ಚಳಿಗಾಲದ ರಾತ್ರಿಯಲ್ಲಿ ಗಿಡಗಳ ಮೇಲೆ ತೆಳುವಾದ ಬಿಳಿ ಬಟ್ಟೆಯನ್ನು ಹಾಸಿ, ನಸುಕಿನಲ್ಲಿ ಇಬ್ಬನಿಯೊಂದಿಗೆ ಬಟ್ಟೆಗೆ ಇಳಿದ ಆ ರಸವನ್ನು ಹಿಂಡಿ, ಶೀಸೆಯಲ್ಲಿ ಕಾಪಿಟ್ಟು, ಹೊಟ್ಟೆನೋವಿಗೂ ಅಜೀರ್ಣಕ್ಕೂ ಮನೆಮದ್ದಾಗಿ ಕೊಡುವ ರೂಢಿ ಉತ್ತರ ಕರ್ನಾಟಕದಲ್ಲಿ ಹಳೆಯದು. ಕಡಲೆ ಹುಳಿ ಎಂದು ಕರೆಯಲಾಗುವ ಈ ರಸದಲ್ಲಿ ಮುಖ್ಯವಾಗಿ ಇರುವುದು ಮ್ಯಾಲಿಕ್ ಆಮ್ಲ. ಅದರ ಜೊತೆಗೆ ಆಕ್ಸಾಲಿಕ್ ಆಮ್ಲವೂ ಇರುತ್ತದೆ. ಕಾಯಿಕೊರಕ ಕೀಡಿಯ ಬೆಳವಣಿಗೆಯನ್ನು ಕುಂಠಿತಗೊಳಿಸುವಲ್ಲಿ ಆಕ್ಸಾಲಿಕ್ ಆಮ್ಲದ ಪಾತ್ರವಿದೆ ಎಂಬುದು ಸಂಶೋಧನೆಯಿಂದ ತಿಳಿದಿರುವುದರಿಂದ, ಗಿಡವು ಈ ಹುಳಿಯನ್ನು ಸುಮ್ಮನೆ ಒಸರುವುದಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಮ್ಯಾಲಿಕ್ ಆಮ್ಲವನ್ನು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಷೀಲೆ 1785ರಲ್ಲಿ ಸೇಬಿನ ರಸದಿಂದ ಬೇರ್ಪಡಿಸಿದನು. ಅದರ ಒಂದು ಅಣುವಿನಲ್ಲಿ ನಾಲ್ಕು ಕಾರ್ಬನ್, ಆರು ಹೈಡ್ರೋಜನ್ ಮತ್ತು ಐದು ಆಕ್ಸಿಜನ್ ಪರಮಾಣುಗಳಿವೆ. ಆದರೆ ಈ ಎಣಿಕೆ ಎಷ್ಟೇ ನಿಖರವಾಗಿದ್ದರೂ ಆ ವಸ್ತು ಹುಳಿಯಾಗಿರುವುದೇಕೆ, ಸೋಡಾ ಪುಡಿ ಬಿದ್ದೊಡನೆ ನೊರೆ ಉಕ್ಕುವುದೇಕೆ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ದೊರೆಯುವುದಿಲ್ಲ. ಎಣಿಕೆಯ ಈ ಕೊರತೆಯನ್ನು ಇನ್ನೂ ಸರಳವಾದ ಒಂದು ಜೋಡಿ ಸ್ಪಷ್ಟಪಡಿಸುತ್ತದೆ. ಎರಡು ಕಾರ್ಬನ್, ಆರು ಹೈಡ್ರೋಜನ್ ಮತ್ತು ಒಂದು ಆಕ್ಸಿಜನ್ ಸೇರಿ ಎರಡು ಬೇರೆ ಬೇರೆ ವಸ್ತುಗಳಾಗಬಲ್ಲವು. ಆಕ್ಸಿಜನ್ನಿನ ಒಂದು ಕೈ ಕಾರ್ಬನ್ನಿಗೂ ಮತ್ತೊಂದು ಕೈ ಹೈಡ್ರೋಜನ್ನಿಗೂ ಸೇರಿದರೆ ಅದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ, ನೀರಿನೊಡನೆ ಎಷ್ಟು ಬೇಕಾದರೂ ಬೆರೆಯುವ ಎಥನಾಲ್ ದ್ರವ. ಅದೇ ಆಕ್ಸಿಜನ್ ಎರಡು ಕಾರ್ಬನ್‌ಗಳ ನಡುವೆ ಕುಳಿತರೆ ಸೊನ್ನೆಗಿಂತ 24 ಡಿಗ್ರಿ ಕೆಳಗೇ ಕುದಿದುಹೋಗುವ ಡೈಮೀಥೈಲ್ ಈಥರ್ ಎಂಬ ಅನಿಲ. ಸಾಮಗ್ರಿಯ ಪಟ್ಟಿ ಒಂದೇ ಆಗಿದ್ದರೂ ಜೋಡಣೆ ಬದಲಾದುದರಿಂದ ವಸ್ತುವಿನ ಗುಣವೇ ಬದಲಾಗಿದೆ.

ಕಾರ್ಬನ್ ಸಂಯುಕ್ತಗಳಲ್ಲಿ ಹೀಗೆ ಗುಣವನ್ನು ನಿರ್ಧರಿಸುವ ಪರಮಾಣುಗಳ ಸಣ್ಣ ಜೋಡಣೆಯನ್ನು ಕ್ರಿಯಾಗುಂಪು ಎಂದು ಕರೆಯಲಾಗುತ್ತದೆ. ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ ಏಕಬಂಧಗಳಿಂದ ಕೂಡಿದ ಸರಪಳಿ ಸಾಮಾನ್ಯವಾಗಿ ತಣ್ಣಗಿರುತ್ತದೆ. ಅದು ಉರಿಯುತ್ತದೆಯೇ ಹೊರತು ಆಮ್ಲಕ್ಕೂ ಕ್ಷಾರಕ್ಕೂ ಸುಲಭವಾಗಿ ಜಗ್ಗುವುದಿಲ್ಲ. ಅಂತಹ ಸರಪಳಿಗೆ ಆಕ್ಸಿಜನ್, ನೈಟ್ರೋಜನ್ ಅಥವಾ ಕ್ಲೋರಿನ್ ಸೇರಿದ ಕಡೆ, ಇಲ್ಲವೇ ಎರಡು ಕಾರ್ಬನ್‌ಗಳ ನಡುವೆ ದ್ವಿಬಂಧ ಏರ್ಪಟ್ಟ ಕಡೆ ಎಲೆಕ್ಟ್ರಾನುಗಳ ಹಂಚಿಕೆ ಏರುಪೇರಾಗುತ್ತದೆ ಮತ್ತು ರಾಸಾಯನಿಕ ಕ್ರಿಯೆ ನಡೆಯುವುದು ಬಹುಮಟ್ಟಿಗೆ ಅಲ್ಲಿಯೇ. ಈ ವಿಚಾರಕ್ಕೆ ಗಟ್ಟಿಯಾದ ತಳಹದಿ ದೊರೆತದ್ದು 1832ರಲ್ಲಿ. ಜರ್ಮನಿಯ ಯುಸ್ಟಸ್ ಲೀಬಿಗ್ ಮತ್ತು ಫ್ರೆಡ್ರಿಕ್ ವೋಲರ್ ಕಹಿ ಬಾದಾಮಿಯ ಎಣ್ಣೆಯನ್ನು ಒಂದರ ಹಿಂದೊಂದು ಕ್ರಿಯೆಗೆ ಒಳಪಡಿಸಿದಾಗ, ಉಳಿದ ಭಾಗ ಏನೇ ಬದಲಾದರೂ ಪರಮಾಣುಗಳ ಒಂದು ತುಂಡು ಹಾಗೆಯೇ ಒಂದು ಸಂಯುಕ್ತದಿಂದ ಮತ್ತೊಂದಕ್ಕೆ ದಾಟಿಹೋಗುವುದನ್ನು ಕಂಡರು. ಬೆಂಜಾಯಿಲ್ ಎಂದು ಅವರು ಹೆಸರಿಟ್ಟ ಆ ತುಂಡು, ಅಣುವನ್ನು ಬಿಡಿ ಪರಮಾಣುಗಳ ರಾಶಿಯಾಗಿ ನೋಡದೆ ಗುಂಪುಗಳ ಕೂಟವಾಗಿ ನೋಡುವ ಪದ್ಧತಿಗೆ ದಾರಿ ಮಾಡಿಕೊಟ್ಟಿತು.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿಯೇ ಕ್ರಿಯಾಗುಂಪುಗಳ ಕೋಷ್ಟಕ ಬರುತ್ತದೆ, ದ್ವಿತೀಯ ಪಿಯುಸಿಯ ಪ್ರಯೋಗಾಲಯದಲ್ಲಿ ಅವುಗಳನ್ನು ಪತ್ತೆಹಚ್ಚುವ ಪರೀಕ್ಷೆಗಳು ಬರುತ್ತವೆ. ಆದರೂ ಕೋಷ್ಟಕವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಹೊಸ ಅಣುವಿನ ಚಿತ್ರವೊಂದು ಎದುರಾದಾಗ ತಡವರಿಸುತ್ತಾನೆ. ಇದರ ಕಾರಣವನ್ನು ಕಡಲೆ ಹುಳಿಯ ಮ್ಯಾಲಿಕ್ ಆಮ್ಲದಲ್ಲಿಯೇ ನೋಡಬಹುದು. ಚಿತ್ರದಲ್ಲಿ ನಾಲ್ಕು ಕಾರ್ಬನ್‌ಗಳ ಸಾಲು ಕಾಣುತ್ತದೆ. ಮೊದಲನೆಯ ಮತ್ತು ನಾಲ್ಕನೆಯ ಕಾರ್ಬನ್‌ಗಳೆರಡರಲ್ಲಿಯೂ ದ್ವಿಬಂಧದಿಂದ ಕೂಡಿದ ಒಂದು ಆಕ್ಸಿಜನ್ ಮತ್ತು ಏಕಬಂಧದಿಂದ ಕೂಡಿ ಹೈಡ್ರೋಜನ್ನನ್ನು ಹೊತ್ತ ಇನ್ನೊಂದು ಆಕ್ಸಿಜನ್ ಇವೆ. ಎರಡನೆಯ ಕಾರ್ಬನ್ನಿನ ಮೇಲೆ ಆಕ್ಸಿಜನ್-ಹೈಡ್ರೋಜನ್ ಜೋಡಿ, ಎಂದರೆ ಓಎಚ್, ಒಂದೇ ಒಂದು ಇದೆ. ಕೋಷ್ಟಕವನ್ನು ಮಾತ್ರ ನೆನಪಿಟ್ಟವನು ಮೂರು ಕಡೆ ಓಎಚ್ ಕಂಡು ಮೂರು ಆಲ್ಕೋಹಾಲ್ ಎಂದೂ, ಎರಡು ಕಡೆ ಕಾರ್ಬನ್-ಆಕ್ಸಿಜನ್ ದ್ವಿಬಂಧ ಕಂಡು ಎರಡು ಕೀಟೋನ್ ಎಂದೂ ಬರೆದುಬಿಡುತ್ತಾನೆ. ವಾಸ್ತವದಲ್ಲಿ ಅಲ್ಲಿ ಕೀಟೋನ್ ಒಂದೂ ಇಲ್ಲ, ಆಲ್ಕೋಹಾಲ್ ಗುಂಪು ಒಂದೇ. ಉಳಿದೆರಡು ಕಡೆ ದ್ವಿಬಂಧದ ಆಕ್ಸಿಜನ್ ಮತ್ತು ಓಎಚ್ ಒಂದೇ ಕಾರ್ಬನ್ನಿಗೆ ಅಂಟಿಕೊಂಡಿರುವುದರಿಂದ ಅವು ಬೇರೆ ಬೇರೆ ಗುಂಪುಗಳಾಗಿ ಉಳಿಯದೆ ಕಾರ್ಬಾಕ್ಸಿಲ್ ಎಂಬ ಒಂದೇ ಗುಂಪಾಗಿ, ಅಂದರೆ ಆಮ್ಲವಾಗಿ, ವರ್ತಿಸುತ್ತವೆ. ಆದ್ದರಿಂದ ಕ್ರಿಯಾಗುಂಪನ್ನು ಗುರುತಿಸುವವನು ಮೊದಲು ಕೇಳಬೇಕಾದ ಪ್ರಶ್ನೆ ಆ ಪರಮಾಣು ಯಾವುದು ಎಂಬುದಲ್ಲ, ಅದರ ನೆರೆಯಲ್ಲಿ ಯಾರಿದ್ದಾರೆ ಎಂಬುದು.

ನೆರೆಯ ಈ ಮಹತ್ವ ಕಾರ್ಬನ್-ಆಕ್ಸಿಜನ್ ದ್ವಿಬಂಧದಲ್ಲಿ, ಅಂದರೆ ಕಾರ್ಬೊನಿಲ್‌ನಲ್ಲಿ, ಎದ್ದು ಕಾಣುತ್ತದೆ. ಕಾರ್ಬೊನಿಲ್‌ನ ಕಾರ್ಬನ್ನಿಗೆ ಇನ್ನೂ ಎರಡು ಬಂಧಗಳು ಬಾಕಿ ಇರುತ್ತವೆ. ಅವೆರಡೂ ಕಾರ್ಬನ್‌ಗಳಿಗೆ ಸೇರಿದರೆ ಕೀಟೋನ್; ಒಂದಾದರೂ ಹೈಡ್ರೋಜನ್ನಿಗೆ ಸೇರಿದರೆ ಆಲ್ಡಿಹೈಡ್; ಒಂದು ಓಎಚ್‌ಗೆ ಸೇರಿದರೆ ಕಾರ್ಬಾಕ್ಸಿಲಿಕ್ ಆಮ್ಲ; ಅದೇ ಓಎಚ್‌ನ ಹೈಡ್ರೋಜನ್ ಜಾಗದಲ್ಲಿ ಕಾರ್ಬನ್ ಬಂದು ಕುಳಿತರೆ ಎಸ್ಟರ್; ನೈಟ್ರೋಜನ್ನಿಗೆ ಸೇರಿದರೆ ಅಮೈಡ್. ಮನೆಯ ಶೇಂಗಾ ಎಣ್ಣೆ, ಕುಸುಬಿ ಎಣ್ಣೆಗಳೆಲ್ಲ ಎಸ್ಟರ್‌ಗಳೇ ಆಗಿದ್ದು, ಗ್ಲಿಸರಾಲ್‌ನ ಮೂರು ಓಎಚ್‌ಗಳಿಗೆ ಮೂರು ಕೊಬ್ಬಿನ ಆಮ್ಲಗಳು ಬೆಸೆದುಕೊಂಡ ರಚನೆ ಅವುಗಳದ್ದು. ಕಾಸ್ಟಿಕ್ ಸೋಡಾ ಸೇರಿಸಿ ಕಾಯಿಸಿದಾಗ ಆ ಬೆಸುಗೆಗಳು ಬಿಚ್ಚಿಕೊಂಡು ಸೋಪು ಉಂಟಾಗುತ್ತದೆ. ಬೆಣ್ಣೆ ಹಳತಾದಾಗ ಬರುವ ಕಮಟು ವಾಸನೆಯಲ್ಲಿಯೂ ಅದೇ ಎಸ್ಟರ್ ಒಡೆದು ಬಿಡುಗಡೆಯಾದ ಬ್ಯುಟಿರಿಕ್ ಆಮ್ಲದ ಪಾಲಿದೆ.

ಅಮೈಡ್ ಮತ್ತು ಅಮೈನ್‌ಗಳ ನಡುವಿನ ಗೊಂದಲವೂ ಇದೇ ಬಗೆಯದು. ಕಬ್ಬು, ಗೋವಿನಜೋಳಗಳಿಗೆ ಚೆಲ್ಲುವ ಯೂರಿಯಾವನ್ನು 1828ರಲ್ಲಿ ವೋಲರ್ ಜೀವಿಗಳ ನೆರವಿಲ್ಲದೆ ಗಾಜಿನ ಪಾತ್ರೆಯಲ್ಲಿ ತಯಾರಿಸಿದ್ದು ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅದರ ಅಣುವಿನಲ್ಲಿ ನೈಟ್ರೋಜನ್‌ಗಳು ಎರಡಿದ್ದು ಪ್ರತಿಯೊಂದರಲ್ಲಿಯೂ ಎರಡೆರಡು ಹೈಡ್ರೋಜನ್‌ಗಳಿವೆ. ನೋಡಿದ ಮಟ್ಟಿಗೆ ಅವು ಅಮೈನ್‌ಗಳೇ, ಹಾಗಾಗಿ ಯೂರಿಯಾ ಅಮೋನಿಯಾದಂತೆ ಪ್ರತ್ಯಾಮ್ಲವಾಗಿರಬೇಕಿತ್ತು. ಆದರೆ ಎರಡೂ ನೈಟ್ರೋಜನ್‌ಗಳು ಕಾರ್ಬೊನಿಲ್ ಒಂದರ ಅಕ್ಕಪಕ್ಕದಲ್ಲಿದ್ದು, ತಮ್ಮ ಬಳಿಯ ಜೋಡಿ ಎಲೆಕ್ಟ್ರಾನುಗಳನ್ನು ಅದರತ್ತ ಹರಿಯಬಿಡುವುದರಿಂದ ಹೈಡ್ರೋಜನ್ ಅಯಾನನ್ನು ಹಿಡಿದುಕೊಳ್ಳುವ ಶಕ್ತಿ ಅವುಗಳಲ್ಲಿ ಬಹುತೇಕ ಉಳಿಯುವುದಿಲ್ಲ. ಹೀಗಾಗಿ ಚೀಲದಲ್ಲಿರುವ ಯೂರಿಯಾಕ್ಕೆ ಅಮೋನಿಯಾದ ಘಾಟು ಇಲ್ಲ. ತೇವವಿರುವ ಮಣ್ಣಿನ ಮೇಲೆ ಅದನ್ನು ಚೆಲ್ಲಿ ಮುಚ್ಚದೆ ಬಿಟ್ಟಾಗ ಮಣ್ಣಿನ ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಆ ಅಮೈಡ್ ಬಂಧಗಳನ್ನು ಕತ್ತರಿಸುತ್ತದೆ, ಆಗ ಘಾಟು ಏಳುತ್ತದೆ, ಅದರೊಡನೆ ರೈತ ಕೊಟ್ಟ ದುಡ್ಡಿನ ಒಂದು ಭಾಗವೂ ಗಾಳಿಗೆ ಹೋಗುತ್ತದೆ.

ಒಂದೇ ಅಣುವಿನಲ್ಲಿ ಹಲವು ಗುಂಪುಗಳಿದ್ದಾಗ ಹೆಸರು ಯಾವುದರ ಮೇಲೆ ನಿಲ್ಲಬೇಕೆಂಬ ಪ್ರಶ್ನೆ ಏಳುತ್ತದೆ. 1892ರಲ್ಲಿ ಜಿನೀವಾದಲ್ಲಿ ಸೇರಿದ ರಸಾಯನಶಾಸ್ತ್ರಜ್ಞರ ಸಭೆಯಿಂದ ಆರಂಭವಾಗಿ ಮುಂದೆ ಬೆಳೆದುಬಂದ ನಿಯಮಗಳ ಪ್ರಕಾರ ಆಮ್ಲಕ್ಕೆ ಹಿರಿತನ, ಅನಂತರ ಎಸ್ಟರ್, ಅಮೈಡ್, ಆಲ್ಡಿಹೈಡ್, ಕೀಟೋನ್, ಆಲ್ಕೋಹಾಲ್, ಅಮೈನ್ ಈ ಕ್ರಮದಲ್ಲಿ ಬರುತ್ತವೆ. ಮನೆಯಲ್ಲಿ ಎಷ್ಟು ಮಂದಿ ದುಡಿಯುತ್ತಿದ್ದರೂ ಜಮೀನಿನ ಉತಾರದಲ್ಲಿ ಹಿರಿಯನ ಹೆಸರು ಇರುವಂತೆ, ಮ್ಯಾಲಿಕ್ ಆಮ್ಲದ ಶಾಸ್ತ್ರೀಯ ಹೆಸರು ಆಮ್ಲವೆಂದೇ ಮುಗಿಯುತ್ತದೆ. ಅದರ ಆಲ್ಕೋಹಾಲ್ ಗುಂಪಿಗೆ ಹೈಡ್ರಾಕ್ಸಿ ಎಂಬ ಮುಂಪ್ರತ್ಯಯದ ಸ್ಥಾನ ಮಾತ್ರ ಸಿಗುತ್ತದೆ.

ಚಿತ್ರವನ್ನು ಓದುವುದು ಒಂದು ಬಗೆಯ ಗುರುತಿಸುವಿಕೆಯಾದರೆ, ವಸ್ತುವಿನ ನಡತೆಯಿಂದ ಗುಂಪನ್ನು ತಿಳಿಯುವುದು ಅದಕ್ಕಿಂತ ಹಳೆಯದಾದ ಮತ್ತೊಂದು ಬಗೆ. ಅಡಿಗೆ ಸೋಡಾದ ಪರೀಕ್ಷೆ ಇವುಗಳಲ್ಲಿ ಅತ್ಯಂತ ಸರಳವಾದುದು. ಸೋಡಿಯಂ ಬೈಕಾರ್ಬನೇಟ್‌ನಿಂದ ಇಂಗಾಲದ ಡೈಆಕ್ಸೈಡ್ ಹೊರಬರಬೇಕಾದರೆ ಎದುರಿನ ವಸ್ತು ಕಾರ್ಬಾನಿಕ್ ಆಮ್ಲಕ್ಕಿಂತ ಪ್ರಬಲವಾದ ಆಮ್ಲವಾಗಿರಬೇಕು. ಆಮ್ಲದ ಬಲವನ್ನು ಪಿಕೆಎ ಎಂಬ ಸಂಖ್ಯೆಯಿಂದ ಅಳೆಯುವುದು ರೂಢಿಯಾಗಿದ್ದು, ಆ ಸಂಖ್ಯೆ ಕಿರಿದಾದಷ್ಟೂ ಆಮ್ಲ ಪ್ರಬಲವೆಂದು ಅರ್ಥ. ಕಾರ್ಬಾನಿಕ್ ಆಮ್ಲದ ಸಂಖ್ಯೆ ಸುಮಾರು 6.4, ವಿನಿಗರ್‌ನ ಅಸಿಟಿಕ್ ಆಮ್ಲದ್ದು 4.8, ಮ್ಯಾಲಿಕ್ ಆಮ್ಲದ ಮೊದಲ ಕಾರ್ಬಾಕ್ಸಿಲ್‌ನದು 3.4, ಆಕ್ಸಾಲಿಕ್‌ನದು 1.3ರ ಸುಮಾರು; ಬೆಂಜೀನ್ ಉಂಗುರಕ್ಕೆ ನೇರವಾಗಿ ಅಂಟಿದ ಓಎಚ್, ಅಂದರೆ ಫೀನಾಲ್, 10ರ ಆಸುಪಾಸಿನಲ್ಲಿದ್ದರೆ ಎಥನಾಲ್ 16ರಷ್ಟು ದೂರದಲ್ಲಿ ನಿಂತಿದೆ. ಈ ಮೂರು ಬಗೆಯ ಗುಂಪುಗಳಲ್ಲಿಯೂ ಹೈಡ್ರೋಜನ್ ಹೊತ್ತಿರುವುದು ಆಕ್ಸಿಜನ್ನೇ. ಆದರೆ ಹೈಡ್ರೋಜನ್ ಕಳಚಿದ ಮೇಲೆ ಉಳಿಯುವ ಋಣ ವಿದ್ಯುದಂಶವನ್ನು ಕಾರ್ಬಾಕ್ಸಿಲ್ ತನ್ನ ಎರಡು ಆಕ್ಸಿಜನ್‌ಗಳಿಗೆ ಸಮನಾಗಿ ಹಂಚುತ್ತದೆ, ಫೀನಾಲ್ ಅದನ್ನು ಉಂಗುರದೊಳಕ್ಕೆ ಒಂದಷ್ಟು ಹರಡುತ್ತದೆ, ಆಲ್ಕೋಹಾಲ್‌ಗೆ ಹಂಚಲು ಯಾರೂ ಇಲ್ಲ. ಆದ್ದರಿಂದ ಸೋಡಾಕ್ಕೆ ಕಡಲೆ ಹುಳಿಯೂ ಹುಣಸೆ ರಸವೂ ನೊರೆಯುತ್ತವೆ; ಸ್ಪಿರಿಟ್ ನೊರೆಯುವುದಿಲ್ಲ, ಸಾಮಾನ್ಯ ಫೀನಾಲ್ ಕೂಡ ನೊರೆಯುವುದಿಲ್ಲ. ಹುಣಸೆಯ ಟಾರ್ಟಾರಿಕ್ ಆಮ್ಲ ಮತ್ತು ಕಡಲೆಯ ಮ್ಯಾಲಿಕ್ ಆಮ್ಲ ಒಂದೇ ನಾಲ್ಕು ಕಾರ್ಬನ್‌ಗಳ ಎಲುಬಿನ ಮೇಲೆ ನಿಂತಿದ್ದು, ಮೊದಲನೆಯದರಲ್ಲಿ ನಡುವಿನ ಎರಡೂ ಕಾರ್ಬನ್‌ಗಳ ಮೇಲೆ ಓಎಚ್ ಇದ್ದರೆ ಎರಡನೆಯದರಲ್ಲಿ ಒಂದರ ಮೇಲೆ ಮಾತ್ರ ಇದೆ ಎಂಬುದನ್ನು ತಿಳಿದಾಗ ಸಾರಿನ ಹುಳಿಯೂ ಹೊಲದ ಹುಳಿಯೂ ಎಷ್ಟು ಹತ್ತಿರದ ನಂಟರೆಂಬುದು ಅರಿವಾಗುತ್ತದೆ.

ಫೀನಾಲ್ ಸೋಡಾಕ್ಕೆ ಜಗ್ಗದಿದ್ದರೂ ಸುಣ್ಣಕ್ಕೆ ಜಗ್ಗುತ್ತದೆ, ಮತ್ತು ಇದರ ಕಣ್ಣಿಗೆ ಕಾಣುವ ಸಾಕ್ಷ್ಯ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಗಾಳಿಯಲ್ಲಿ ತೂರಿಬರುವ ಭಂಡಾರದಲ್ಲಿ, ಅಂದರೆ ಅರಿಷಿಣದ ಪುಡಿಯಲ್ಲಿ, ಇದೆ. ಅರಿಷಿಣಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವಸ್ತುವನ್ನು ಫೋಗೆಲ್ ಮತ್ತು ಪೆಲ್ಟಿಯೆ 1815ರಲ್ಲಿ ಬೇರ್ಪಡಿಸಿದರು. ಅದರ ರಚನೆ ಖಚಿತವಾಗಲು 1910ರಲ್ಲಿ ಮಿಲೋಬೆಂಡ್ಜ್‌ಕಾ, ಕೊಸ್ಟಾನೆಟ್ಸ್ಕಿ ಮತ್ತು ಲಾಂಪೆ ಬರಬೇಕಾಯಿತು. ಎರಡು ತುದಿಗಳಲ್ಲಿ ಒಂದೊಂದು ಬೆಂಜೀನ್ ಉಂಗುರ, ಪ್ರತಿ ಉಂಗುರದ ಮೇಲೆ ಒಂದು ಫೀನಾಲ್ ಓಎಚ್ ಮತ್ತು ಅದರ ಪಕ್ಕದಲ್ಲಿಯೇ ಮೆಥಾಕ್ಸಿ, ಅಂದರೆ ಆಕ್ಸಿಜನ್ನಿನ ಮೂಲಕ ಅಂಟಿದ ಒಂದು ಕಾರ್ಬನ್ನಿನ ಈಥರ್; ಉಂಗುರಗಳ ನಡುವೆ ಏಳು ಕಾರ್ಬನ್‌ಗಳ ಸೇತುವೆ, ಅದರಲ್ಲಿ ಎರಡು ಕಾರ್ಬನ್-ಕಾರ್ಬನ್ ದ್ವಿಬಂಧಗಳು ಮತ್ತು ಎರಡು ಕಾರ್ಬೊನಿಲ್‌ಗಳು. ಒಂದು ಬಿಟ್ಟು ಒಂದರಂತೆ ದ್ವಿಬಂಧಗಳು ಸಾಲುಗಟ್ಟಿದಾಗ ಎಲೆಕ್ಟ್ರಾನುಗಳು ಉದ್ದಕ್ಕೂ ಹರಡಿಕೊಂಡು ನೀಲಿ ಬೆಳಕನ್ನು ಹೀರಿಕೊಳ್ಳುತ್ತವೆ. ಆದ್ದರಿಂದ ಅರಿಷಿಣ ಹಳದಿಯಾಗಿ ಕಾಣುತ್ತದೆ. ಸುಣ್ಣದ ನೀರು ತಾಗಿದಾಗ ಫೀನಾಲ್‌ಗಳ ಹೈಡ್ರೋಜನ್‌ಗಳೂ ಸೇತುವೆಯ ನಡುವಿನ ಸಡಿಲವಾದ ಹೈಡ್ರೋಜನ್ನೂ ಕಳಚಿ, ಋಣ ವಿದ್ಯುದಂಶ ಅಣುವಿನ ಉದ್ದಕ್ಕೂ ಹರಡಿ, ಹೀರಿಕೆ ಬೆಳಕಿನ ಇನ್ನೊಂದು ಭಾಗಕ್ಕೆ ಸರಿದು ಬಣ್ಣ ಕೆಂಪಾಗುತ್ತದೆ. ಆರತಿಯ ತಟ್ಟೆಯ ಕೆಂಪು ನೀರು, ಅರಿಷಿಣ-ಸುಣ್ಣಗಳಿಂದ ಮಾಡುವ ಹಳೆಯ ಪದ್ಧತಿಯ ಕುಂಕುಮ, ಅರಿಷಿಣದ ಕಲೆಯಿದ್ದ ಬಿಳಿ ಅಂಗಿಗೆ ಸೋಪು ತಾಗಿದೊಡನೆ ಮೂಡುವ ಕೆಂಪು ಇವೆಲ್ಲವೂ ಒಂದೇ ಕ್ರಿಯೆಯ ಫಲ. ಆ ಕೆಂಪು ಕಲೆಯ ಮೇಲೆ ನಿಂಬೆ ಹಿಂಡಿದರೆ ಸಿಟ್ರಿಕ್ ಆಮ್ಲ ಹೈಡ್ರೋಜನ್‌ಗಳನ್ನು ಹಿಂದಿರುಗಿಸಿ ಹಳದಿಯನ್ನು ಮತ್ತೆ ತರುತ್ತದೆ.

ಕರ್ಕ್ಯುಮಿನ್‌ನ ತುದಿಯಲ್ಲಿ ಕಾಣುವ ಫೀನಾಲ್ ಮತ್ತು ಮೆಥಾಕ್ಸಿ ಅಕ್ಕಪಕ್ಕದಲ್ಲಿರುವ ಉಂಗುರ ಮಸಾಲೆ ಡಬ್ಬಿಯ ಇತರ ಮನೆಗಳಲ್ಲಿಯೂ ಸಿಗುತ್ತದೆ. ಲವಂಗದ ಯುಜೆನಾಲ್‌ನಲ್ಲಿ ಇದೇ ಉಂಗುರಕ್ಕೆ ದ್ವಿಬಂಧವಿರುವ ಮೂರು ಕಾರ್ಬನ್‌ಗಳ ಬಾಲವಿದೆ. ವೆನಿಲಾದ ವೆನಿಲಿನ್‌ನಲ್ಲಿ ಬಾಲದ ಬದಲು ಆಲ್ಡಿಹೈಡ್ ಇದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್‌ನಲ್ಲಿ ಇದೇ ಉಂಗುರದಿಂದ ಒಂದು ಕಾರ್ಬನ್ ದಾಟಿದರೆ ಅಮೈಡ್, ಅದರಾಚೆ ಉದ್ದವಾದ ಎಣ್ಣೆಯಂತಹ ಸರಪಳಿ ಇದೆ. ತಲೆ ಒಂದೇ ಆಗಿದ್ದು ಬಾಲ ಬದಲಾದಾಗ ಒಂದು ಹಲ್ಲುನೋವನ್ನು ಮರಗಟ್ಟಿಸುತ್ತದೆ, ಒಂದು ಐಸ್‌ಕ್ರೀಮಿಗೆ ಪರಿಮಳ ಕೊಡುತ್ತದೆ, ಒಂದು ನಾಲಿಗೆ ಸುಡುತ್ತದೆ. ಖಾರ ಹತ್ತಿದಾಗ ನೀರು ಕುಡಿದರೆ ಶಮನವಾಗದೆ ಹಾಲು ಮೊಸರಿಗೆ ಶಮನವಾಗುವುದಕ್ಕೆ ಆ ಉದ್ದನೆಯ ಬಾಲ ನೀರಿನಲ್ಲಿ ಕರಗದಿರುವುದು ಕಾರಣ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್ ಕಡಿಮೆ. ಅದರ ಹೆಸರು ನಿಂತಿರುವುದು ಕ್ಯಾಪ್ಸಾಂತಿನ್ ಎಂಬ ಬೇರೆಯೇ ಕೆಂಪು ವಸ್ತುವಿನ ಮೇಲೆ, ಅದರಲ್ಲಿ ನೈಟ್ರೋಜನ್ನೂ ಇಲ್ಲ, ಫೀನಾಲೂ ಇಲ್ಲ. ಬಣ್ಣ ಮತ್ತು ಖಾರ ಒಂದನ್ನೊಂದು ಹಿಂಬಾಲಿಸಬೇಕೆಂಬ ನಿಯಮವಿಲ್ಲ ಎಂಬುದನ್ನು ಬ್ಯಾಡಗಿಯ ವ್ಯಾಪಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕ್ರಿಯಾಗುಂಪು ಅಣುವಿನಲ್ಲಿ ಇದ್ದೂ ಪರೀಕ್ಷೆಗೆ ಸಿಗದೆ ಹೋಗುವ ಸಂದರ್ಭಗಳೂ ಇವೆ. ಇದಕ್ಕೆ ಸಕ್ಕರೆಗಿಂತ ಒಳ್ಳೆಯ ನಿದರ್ಶನ ಮತ್ತೊಂದಿಲ್ಲ. ಮಲಪ್ರಭೆಯ ನೀರು ಹರಿದ ಮೇಲೆ ಈ ಸೀಮೆಯ ಒಣಭೂಮಿಯ ನಡುವೆ ಕಬ್ಬು ತನ್ನ ಜಾಗ ಮಾಡಿಕೊಂಡಿದ್ದು, ಮುನವಳ್ಳಿಯ ಶ್ರೀ ರೇಣುಕಾ ಶುಗರ್ಸ್, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ಮುಂತಾದವುಗಳ ಜೊತೆಗೆ ಬೆಲ್ಲದ ಗಾಣಗಳೂ ಕಬ್ಬನ್ನು ಅರೆಯುತ್ತವೆ. ಗ್ಲೂಕೋಸ್‌ನ ಆರು ಕಾರ್ಬನ್‌ಗಳ ಸರಪಳಿಯ ತುದಿಯಲ್ಲಿ ಆಲ್ಡಿಹೈಡ್ ಇದೆ, ಆದರೆ ಅದು ಅದೇ ಅಣುವಿನ ಒಂದು ಓಎಚ್‌ನೊಂದಿಗೆ ಕೂಡಿ ಉಂಗುರವಾಗಿ ಮಡಚಿಕೊಂಡಿರುತ್ತದೆ. ನೀರಿನಲ್ಲಿ ಈ ಉಂಗುರ ಆಗಾಗ ಬಿಚ್ಚಿ ಮುಚ್ಚುತ್ತಿರುವುದರಿಂದ, ಬಿಚ್ಚಿದ ಕ್ಷಣದಲ್ಲಿ ಆಲ್ಡಿಹೈಡ್ ಹೊರಗೆ ಬಂದು, ಜರ್ಮನಿಯ ಹೆರ್ಮಾನ್ ಫಾನ್ ಫೇಲಿಂಗ್ 1849ರಲ್ಲಿ ರೂಪಿಸಿದ ನೀಲಿ ತಾಮ್ರದ ದ್ರಾವಣವನ್ನು ಇಟ್ಟಿಗೆಯ ಕೆಂಪಿಗೆ ತಿರುಗಿಸುತ್ತದೆ. ಸಕ್ಕರೆಯಲ್ಲಿ, ಅಂದರೆ ಸುಕ್ರೋಸ್‌ನಲ್ಲಿ, ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳು ತಮ್ಮ ಉಂಗುರ ಬಿಚ್ಚಬೇಕಾದ ಜಾಗದಲ್ಲಿಯೇ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಎರಡರ ಬಾಗಿಲೂ ಮುಚ್ಚಿಹೋಗಿ, ಶುದ್ಧ ಸಕ್ಕರೆಯ ದ್ರಾವಣವನ್ನು ಫೇಲಿಂಗ್ ದ್ರಾವಣದೊಡನೆ ಕಾಯಿಸಿದರೂ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಬೆಲ್ಲ ಮಾತ್ರ ಆ ಪರೀಕ್ಷೆಯಲ್ಲಿ ಕೆಂಪನ್ನು ತೋರಿಸುತ್ತದೆ, ಏಕೆಂದರೆ ಹುಳಿಯಿರುವ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುವಾಗ ಸುಕ್ರೋಸ್‌ನ ಒಂದು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಬಿಡಿಬಿಡಿಯಾಗಿರುತ್ತದೆ. ಗಾಣದವರು ಕಬ್ಬಿನ ಹಾಲಿಗೆ ಸುಣ್ಣದ ತಿಳಿನೀರು ಹಾಕುವುದು ಕೊಳೆಯನ್ನು ಕಟ್ಟಿಸಲು ಮಾತ್ರವಲ್ಲ, ಆ ಹುಳಿಯನ್ನು ತಗ್ಗಿಸಿ ಒಡೆಯುವಿಕೆಯನ್ನು ತಡೆಯಲು ಕೂಡ. ಕಡಿದು ದಿನಗಟ್ಟಲೆ ಬಿದ್ದ ಕಬ್ಬಿನಿಂದ ಮಾಡಿದ ಬೆಲ್ಲ ಗಟ್ಟಿಯಾಗದೆ, ಮಳೆಗಾಲದಲ್ಲಿ ತೇವವನ್ನು ಎಳೆದುಕೊಂಡು ಬೆವರುವುದಕ್ಕೂ ಬಿಡಿಯಾದ ಈ ಸಕ್ಕರೆಗಳೇ ಕಾರಣ.

ಒಂದು ತೊಡಕನ್ನು ಇಲ್ಲಿಯೇ ಹೇಳಬೇಕು. ಫೇಲಿಂಗ್ ದ್ರಾವಣವನ್ನು ಆಲ್ಡಿಹೈಡ್‌ನ ಪರೀಕ್ಷೆಯೆಂದು ಪುಸ್ತಕಗಳು ಕಲಿಸುತ್ತವೆ, ಆದರೆ ಕೀಟೋನ್ ಆಗಿರುವ ಫ್ರಕ್ಟೋಸ್ ಕೂಡ ಅದನ್ನು ಕೆಂಪಾಗಿಸುತ್ತದೆ. ಅದರ ಕೀಟೋನ್‌ನ ನೆರೆಯ ಕಾರ್ಬನ್ನಿನ ಮೇಲೆ ಓಎಚ್ ಇರುವುದರಿಂದ, ಪರೀಕ್ಷೆಯ ಕ್ಷಾರದಲ್ಲಿ ಅದು ಸುಲಭವಾಗಿ ಉತ್ಕರ್ಷಣಗೊಳ್ಳುತ್ತದೆ, ಒಂದಷ್ಟು ಆಲ್ಡಿಹೈಡ್ ಸಕ್ಕರೆಯಾಗಿಯೂ ಮಾರ್ಪಡುತ್ತದೆ. ಒಂಟಿ ಕೀಟೋನ್ ಮಾಡದ ಕೆಲಸವನ್ನು ನೆರೆಯ ಓಎಚ್ ಮಾಡಿಸುತ್ತದೆ.

ಅದೇ ಕಬ್ಬಿನ ಸಕ್ಕರೆ ಯೀಸ್ಟಿನ ಕೈಗೆ ಸಿಕ್ಕಿದಾಗ ಎಥನಾಲ್ ಆಗುತ್ತದೆ. ಬಟ್ಟಿಯಿಳಿಸುವಿಕೆಯಿಂದ ಅದನ್ನು ತೂಕದಲ್ಲಿ ಶೇಕಡ 95.6ರವರೆಗೆ ಮಾತ್ರ ಶುದ್ಧಗೊಳಿಸಬಹುದು. ಪೆಟ್ರೋಲಿಗೆ ಬೆರೆಸಬೇಕಾದರೆ ಉಳಿದ ನೀರನ್ನು ಸೂಕ್ಷ್ಮರಂಧ್ರಗಳ ವಿಶೇಷ ಜರಡಿಗಳಿಂದ ತೆಗೆಯಬೇಕು. ಎಥನಾಲ್‌ನ ಓಎಚ್ ನೀರಿನ ಓಎಚ್‌ಗೆ ಅಷ್ಟು ಬಿಗಿಯಾಗಿ ಒಲಿದುಕೊಳ್ಳುತ್ತದೆ. ಭಾರತದಲ್ಲಿ 2025ರಲ್ಲಿ ಪೆಟ್ರೋಲಿನ ಎಥನಾಲ್ ಪ್ರಮಾಣ ಶೇಕಡ 20ಕ್ಕೆ ಮುಟ್ಟಿತು. ಟ್ಯಾಂಕಿನೊಳಗೆ ನೀರು ಹೆಚ್ಚಾಗಿ ಸೇರಿದರೆ ಎಥನಾಲ್ ಪೆಟ್ರೋಲನ್ನು ತೊರೆದು ನೀರಿನ ಕಡೆ ಸೇರಿಕೊಂಡು ಕೆಳಗೆ ಬೇರೆ ಪದರವಾಗುವುದೂ ಇದೇ ಒಲವಿನಿಂದ.

ಬೈಲಹೊಂಗಲದ ಮಾರುಕಟ್ಟೆಗೆ ಬರುವ ಹತ್ತಿಯೂ ರಾಸಾಯನಿಕವಾಗಿ ಗ್ಲೂಕೋಸ್‌ಗಳ ಉದ್ದನೆಯ ಸಾಲು. ಸೆಲ್ಯುಲೋಸ್ ಎನ್ನಲಾಗುವ ಆ ಸಾಲಿನ ಪ್ರತಿ ಗ್ಲೂಕೋಸ್ ತುಣುಕಿನಲ್ಲಿ ಮೂರು ಓಎಚ್‌ಗಳು ಉಳಿದಿರುತ್ತವೆ. ಹತ್ತಿ ಬೆವರನ್ನು ಹೀರುವುದು ಅವುಗಳಿಂದ. 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣಗಳು ಈ ಓಎಚ್‌ಗಳನ್ನೇ ಹಿಡಿದು ಗಟ್ಟಿಯಾದ ಬಂಧ ಬೆಸೆದುಕೊಳ್ಳುತ್ತವೆ. ರಾಮದುರ್ಗ, ಸುರೇಬಾನ ಕಡೆಯ ನೇಕಾರಿಕೆಗೆ ಬೇಕಾದ ನೂಲಿಗೆ ಇಂತಹ ಬಣ್ಣ ಕಟ್ಟುವಾಗ ಕೊನೆಯಲ್ಲಿ ವಾಷಿಂಗ್ ಸೋಡಾ ಹಾಕಬೇಕಾಗುವುದು, ಓಎಚ್‌ನಿಂದ ಹೈಡ್ರೋಜನ್ ಕಳಚಿ ಅದನ್ನು ಬಣ್ಣದ ಅಣುವಿನ ಮೇಲೆ ಎರಗುವಂತೆ ಮಾಡಲಿಕ್ಕಾಗಿ. ಪಾಲಿಯೆಸ್ಟರ್ ನೂಲಿನಲ್ಲಿ ಇರುವುದು ಎಸ್ಟರ್ ಬಂಧಗಳು, ಬೇಕಾದ ಓಎಚ್‌ಗಳು ಅಲ್ಲಿ ಇಲ್ಲ. ಹೀಗಾಗಿ ಅದೇ ಬಣ್ಣದ ತೊಟ್ಟಿಯಲ್ಲಿ ಅದ್ದಿದರೂ ಪಾಲಿಯೆಸ್ಟರ್‌ಗೆ ಆ ಬಣ್ಣ ಹತ್ತುವುದಿಲ್ಲ.

ಇಂದಿನ ಸಂಶೋಧನಾಲಯಗಳಲ್ಲಿ ಪರೀಕ್ಷಾ ನಳಿಕೆಯ ಬಣ್ಣ, ನೊರೆಗಳನ್ನು ನೆಚ್ಚುವವರು ವಿರಳ. ಅವಗೆಂಪು ಕಿರಣಗಳನ್ನು ವಸ್ತುವಿನ ಮೂಲಕ ಹಾಯಿಸಿ, ಯಾವ ಕಂಪನಕ್ಕೆ ಎಷ್ಟು ಹೀರಿಕೆಯಾಯಿತೆಂಬ ಗೆರೆಯನ್ನು ಓದುವುದು ವಾಡಿಕೆ. ಅಮೆರಿಕದ ವಿಲಿಯಂ ಕೊಬ್ಲೆಂಟ್ಜ್ 1905ರಲ್ಲಿ ಹಲವಾರು ವಸ್ತುಗಳ ಇಂತಹ ಗೆರೆಗಳನ್ನು ಪ್ರಕಟಿಸಿ, ಒಂದೇ ಗುಂಪು ಬೇರೆ ಬೇರೆ ಅಣುಗಳಲ್ಲಿದ್ದರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಗುರುತು ಬಿಡುತ್ತದೆಂದು ತೋರಿಸಿದ್ದನು. 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಬೆಳಕಿನ ಚದುರಿಕೆಯೂ ಅಣುಗಳ ಕಂಪನವನ್ನೇ ಬೇರೊಂದು ದಾರಿಯಿಂದ ಓದುತ್ತದೆ. ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ಆ ಅಧ್ಯಯನ ಇಲ್ಲಿಯೂ ಬೆಳೆಯಿತು. ಅವಗೆಂಪು ಗೆರೆಗಳಲ್ಲಿ ಕಾರ್ಬೊನಿಲ್‌ನ ಗುರುತು ಎಲ್ಲಕ್ಕಿಂತ ಸುಲಭವಾಗಿ ಕಣ್ಣಿಗೆ ಬೀಳುವಂತಹುದು. ಸೆಂಟಿಮೀಟರಿಗೆ ಎಷ್ಟು ಅಲೆಗಳೆಂಬ ಲೆಕ್ಕದಲ್ಲಿ ಅದು 1700ರ ಸುಮಾರಿಗೆ ಬರುತ್ತದೆ, ಆದರೆ ಎಲ್ಲ ಕಡೆಯೂ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ: ಎಸ್ಟರ್ ಆದರೆ 1740ರ ಹತ್ತಿರ, ಸಾಮಾನ್ಯ ಕೀಟೋನ್ ಆದರೆ 1715, ಅಮೈಡ್ ಆದರೆ 1650ರಿಂದ 1690ರ ನಡುವೆ. ನೆರೆಯಲ್ಲಿರುವ ನೈಟ್ರೋಜನ್ ತನ್ನ ಎಲೆಕ್ಟ್ರಾನುಗಳನ್ನು ಕಾರ್ಬೊನಿಲ್‌ನತ್ತ ತಳ್ಳಿದಾಗ ಆ ದ್ವಿಬಂಧ ತುಸು ಸಡಿಲಗೊಂಡು ಅದರ ಕಂಪನ ನಿಧಾನವಾಗುತ್ತದೆ. ಯೂರಿಯಾದ ಸಂದರ್ಭದಲ್ಲಿ ಕಂಡ ಗುಣವೇ ಇಲ್ಲಿ ಅಂಕಿಯಾಗಿ ಕಾಣುತ್ತದೆ.

ಭಂಡಾರದ ಕರ್ಕ್ಯುಮಿನ್ ಈ ಗೆರೆಗಳನ್ನು ಬಿಡಿಸುವ ಯಂತ್ರದ ಎದುರು ಬಂದಾಗ ಪಠ್ಯಪುಸ್ತಕದ ಚಿತ್ರವೂ ಸೋಲುತ್ತದೆ. ಚಿತ್ರದಲ್ಲಿ ಎರಡು ಕೀಟೋನ್‌ಗಳಿದ್ದರೂ ಗೆರೆಯಲ್ಲಿ 1715ರ ಬಳಿ ನಿರೀಕ್ಷಿಸಿದ ಗಾಢವಾದ ಗುರುತು ಸಿಗುವುದಿಲ್ಲ, ಬದಲಿಗೆ 1628ರ ಸುಮಾರಿಗೆ ಒಂದು ಗುರುತು ಮೂಡುತ್ತದೆ. ಎರಡು ಕಾರ್ಬೊನಿಲ್‌ಗಳ ನಡುವಿನ ಕಾರ್ಬನ್ನಿನಿಂದ ಒಂದು ಹೈಡ್ರೋಜನ್ ಆಕ್ಸಿಜನ್ನಿಗೆ ಜಿಗಿದು, ಒಂದು ಕೀಟೋನ್ ಈನಾಲ್ ಆಗಿ, ಅಂದರೆ ದ್ವಿಬಂಧದ ಕಾರ್ಬನ್ನಿನ ಮೇಲೆ ಕುಳಿತ ಓಎಚ್ ಆಗಿ, ಮಾರ್ಪಟ್ಟಿರುತ್ತದೆ. ಆ ಹೈಡ್ರೋಜನ್ ತನ್ನ ಆಕ್ಸಿಜನ್ನನ್ನು ಬಿಡದೆಯೇ ಎದುರಿನ ಕಾರ್ಬೊನಿಲ್‌ನ ಆಕ್ಸಿಜನ್ನನ್ನೂ ಹಿಡಿದುಕೊಂಡಿರುವುದರಿಂದ ಎರಡರ ನಡುವೆ ಯಾವುದು ಕೀಟೋನ್, ಯಾವುದು ಆಲ್ಕೋಹಾಲ್ ಎಂದು ವಿಂಗಡಿಸುವುದೇ ಕಷ್ಟ. ಎರಡು ಕೀಟೋನ್ ಎಂದು ಉತ್ತರ ಬರೆದ ವಿದ್ಯಾರ್ಥಿಗೆ ಪಿಯುಸಿ ಪರೀಕ್ಷೆಯಲ್ಲಿ ಪೂರ್ಣ ಅಂಕ ಸಿಗಬಹುದು ಮತ್ತು ಸಿಗುವುದು ನ್ಯಾಯವೂ ಹೌದು; ಅವನು ಮುಂದೆ ಧಾರವಾಡದಲ್ಲಿಯೋ ಬೆಳಗಾವಿಯಲ್ಲಿಯೋ ಎಂ.ಎಸ್ಸಿ ಓದುತ್ತ ಅದೇ ವಸ್ತುವನ್ನು ತೂಗಿ ಯಂತ್ರಕ್ಕಿಟ್ಟಾಗ, ಎರಡನೆಯ ಕೀಟೋನ್ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.